ಕ್ಲಚ್ ಮೇಲಿನ ಸುಣ್ಣ

ಒತ್ತಿದ ಪೆಡಲ್ ಮೇಲೆ ಬರಲಿಲ್ಲ.

ರೂಪ ಎಡಗಾಲನ್ನು ಮೆಲ್ಲಗೆ ಎತ್ತಿದಳು. ಕಾಲು ಬಂತು. ಕ್ಲಚ್ ಪೆಡಲ್ ಮಾತ್ರ ಕಾರಿನ ತಳಕ್ಕೆ ಅಂಟಿಕೊಂಡೇ ಇತ್ತು. ಕಣ್ಣಿಗೆ ಕಾಣದ ಯಾರೋ ಇನ್ನೂ ಅದನ್ನು ತುಳಿದುಕೊಂಡು ಇಲ್ಲೇ ಕೂತಿರುವ ಹಾಗೆ.

ಕಾಲಿನ ಹೆಬ್ಬೆರಳನ್ನು ಪೆಡಲಿನ ಅಡಿಗೆ ತೂರಿಸಿ ಮೇಲಕ್ಕೆತ್ತಿದಳು. ಮತ್ತೆ ತುಳಿದಳು. ಬೆಣ್ಣೆಯೊಳಗೆ ಕಾಲಿಟ್ಟಂತೆ ಇಳಿಯಿತು. ಎದುರೊತ್ತಿಲ್ಲ, ಬಿಗಿಯಿಲ್ಲ, ಜೀವವಿಲ್ಲ.

ಆರು ದಿನದ ಹಿಂದೆ, ಜಂಗಮಕೋಟೆಯ ಇದೇ ಶೆಡ್ಡಿನಲ್ಲಿ, ಇದೇ ಕಾರಿಗೂ ಎದುರಿನ ಗೋಡೆಗೂ ನಡುವೆ ಸಿಕ್ಕಿ ಮೋಹನ್‌ಬಾಬು ಸತ್ತಿದ್ದ. ಸ್ಟೀರಿಂಗ್ ಹಿಡಿದಿದ್ದವಳು ಅವನ ಹೆಂಡತಿ ಲಾವಣ್ಯ. ಅವಳಿಗೆ ಕಾರು ಕಲಿಸಿದವಳು ರೂಪ.

"ನಾನು ಸುಳ್ಳು ಹೇಳಿರ್ಲಿಲ್ಲ ಅಲ್ವಾ ಮೇಡಂ?"

ಲಾವಣ್ಯ ಶೆಡ್ಡಿನ ಬಾಗಿಲಲ್ಲಿ, ಪೊಲೀಸರು ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದಳು. ಇಪ್ಪತ್ತೆಂಟು ವರ್ಷದ ಹೆಂಗಸು. ಹಣೆ ಬರಿದಾಗಿತ್ತು. ಕಣ್ಣು ಒಣಗಿತ್ತು. ಕಿವಿ ಮಾತ್ರ ಬೇರೆಲ್ಲೋ ಇತ್ತು. ಗೋಡೆಯಾಚೆ ಮಲಗಿಸಿದ ಮಗು ಎದ್ದಿತೇನೋ ಎಂದು ತಾಯಂದಿರು ಆಲಿಸುವ ಹಾಗೆ. ಅವಳಿಗೆ ಮಕ್ಕಳಿರಲಿಲ್ಲ.

"ಅವತ್ತಿಂದು ಇನ್ನೊಂದ್ಸಲ ಹೇಳಮ್ಮ."

"ಬೆಳಿಗ್ಗೆ ಆರು ಗಂಟೆ. ಚಿಂತಾಮಣಿಗೆ, ನಮ್ಮಮ್ಮನ ಮನೆಗೆ ಹೊರಟಿದ್ವಿ. ಮಂಜು ಅಂದ್ರೆ ಮಂಜು. ನಾನು ಬರೋ ಹೊತ್ತಿಗೆ ಅವ್ರು ಮಂಕಿ ಕ್ಯಾಪ್ ಹಾಕ್ಕೊಂಡು, ಶಾಲು ಸುತ್ಕೊಂಡು, ಬಾನೆಟ್ಟಿಗೆ ಭುಜ ಕೊಟ್ಟು ಬಗ್ಗಿದ್ರು. ನಾನು ಕೂತು ಕ್ಲಚ್ ಒತ್ತಿದೆ. ಸ್ಟಾರ್ಟ್ ಮಾಡು ಅಂದ್ರು. ಮಾಡ್ದೆ. ಚಳಿಗೆ ಆಫ್ ಆಗ್ಬಾರ್ದು ಅಂತ ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ..."

ಮುಂದಿನದನ್ನು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಗೋಡೆಯ ಮೇಲಿತ್ತು. ತೊಳೆದಿದ್ದರು, ಪೂರಾ ಹೋಗಿರಲಿಲ್ಲ. ಬಗ್ಗಿದ್ದವನ ಮುಖ ಗುರುತೇ ಸಿಗದಂತೆ ಜಜ್ಜಿಹೋಗಿತ್ತಂತೆ.

"ಶೆಡ್ಡಲ್ಲೇ ಸ್ಟಾರ್ಟ್ ಮಾಡು ಅಂದ್ರಾ?"

"ಹೂಂ."

"ಹಿಂದೆ ಯಾವತ್ತಾದ್ರೂ ಹಂಗಂದಿದ್ರಾ?"

"ಮದ್ವೆ ಆಗಿ ಆರು ವರ್ಷ. ಒಂದ್ಸಲಾನೂ ಇಲ್ಲ."

ರೂಪಳನ್ನು ಚುಚ್ಚುತ್ತಿದ್ದದ್ದು ಅದೇ. ಶೆಡ್ಡಿಗೂ ಪಕ್ಕದ ಹುಳುಮನೆಗೂ ಒಂದೇ ಗೋಡೆ. ರೇಷ್ಮೆ ಹುಳುವಿಗೆ ಹೊಗೆ ಆಗದು, ಎಣ್ಣೆ ವಾಸನೆ ಆಗದು, ಊದುಬತ್ತಿಯೂ ಆಗದು. ಹುಳು ಸಾಕುವ ಈ ಮನೆಯಲ್ಲಿ ಕಾರನ್ನು ಶೆಡ್ಡಿನೊಳಗೆ ಸ್ಟಾರ್ಟ್ ಮಾಡುವ ಪದ್ಧತಿಯೇ ಇಲ್ಲ. ನ್ಯೂಟ್ರಲ್ಲಿನಲ್ಲಿ ಬಿಟ್ಟಿರುತ್ತಾರೆ, ಒಬ್ಬರು ಸ್ಟೀರಿಂಗ್ ಹಿಡಿದರೆ ಇನ್ನೊಬ್ಬರು ಗೋಡೆಗೂ ಬಾನೆಟ್ಟಿಗೂ ನಡುವೆ ನಿಂತು ಬೀದಿಯವರೆಗೆ ಹಿಂದಕ್ಕೆ ನೂಕುತ್ತಾರೆ. ಸ್ಟಾರ್ಟ್ ಮಾಡುವುದು ಬೀದಿಯಲ್ಲಿ.

"ಗೇರ್ ಅಲ್ಲಾಡಿಸಿ ನೋಡಿದ್ಯಾ?"

ಲಾವಣ್ಯ ತಲೆ ತಗ್ಗಿಸಿದಳು. "ನ್ಯೂಟ್ರಲ್ಲಲ್ಲೇ ಇರತ್ತಲ್ಲ ಮೇಡಂ ಯಾವಾಗ್ಲೂ."

ಅವತ್ತು ಇರಲಿಲ್ಲ. ಪೊಲೀಸರು ನೋಡಿದಾಗ ಗೇರು ಒಂದರಲ್ಲಿತ್ತು. ಕ್ಲಚ್ ಕೆಲಸ ಮಾಡಿದ್ದರೆ ಗೇರು ಎಲ್ಲಿದ್ದರೂ ಕಾರು ನಿಂತಲ್ಲೇ ನಿಲ್ಲಬೇಕಿತ್ತು. ಕ್ಲಚ್ ಸತ್ತಿದ್ದರೆ, ಕಾಲು ಪೂರ್ತಿ ಒತ್ತಿದ್ದರೂ ಇಂಜಿನ್ನಿಗೂ ಚಕ್ರಕ್ಕೂ ನಡುವಿನ ಹಿಡಿತ ಬಿಡುವುದಿಲ್ಲ. ಆಗ ಕೀ ತಿರುಗಿಸಿದರೆ ಕಾರು ಎದುರಿಗೆ ಹಾರುತ್ತದೆ.

ಎದುರಿಗೆ ನಿಂತಿದ್ದವನು ಮನುಷ್ಯ.

ಹತ್ತೊಂಬತ್ತು ವರ್ಷದಿಂದ ರೂಪ ಚಿಕ್ಕಬಳ್ಳಾಪುರದಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದಳು. ಮುಖಕ್ಕಿಂತ ಮೊದಲು ಅವಳು ಎಡಗಾಲು ನೋಡುತ್ತಿದ್ದಳು. ಬಲಗಾಲು ಎಲ್ಲರದೂ ಒಂದೇ ಥರ; ಮನಸ್ಸು ತೋರುವುದು ಎಡಗಾಲಿನಲ್ಲಿ. ಮನೆಯಲ್ಲಿ ಬೈಸಿಕೊಂಡು ಬಂದವಳು ಕ್ಲಚ್ಚನ್ನು ಥಟ್ಟನೆ ಬಿಟ್ಟು ಗಾಡಿ ಆಫ್ ಮಾಡುತ್ತಾಳೆ. ಹೆದರಿ ಬಾಳುವವಳು ಪೂರ್ತಿ ಬಿಡುವುದೇ ಇಲ್ಲ. ಅರ್ಧ ಒತ್ತಿ, ಅರ್ಧ ಬಿಟ್ಟು, ಹೋಗಲೂ ಇರಲೂ ಆಗದ ಹಾಗೆ ಗಾಡಿಯನ್ನು ಹಿಡಿದಿರುತ್ತಾಳೆ. ಒಳಗೆ ಪ್ಲೇಟು ಸುಡುತ್ತಿರುತ್ತದೆ. ಹೊರಗಿನವರಿಗೆ ವಾಸನೆ ಬರುವಷ್ಟರಲ್ಲಿ ಎಲ್ಲ ಸವೆದಿರುತ್ತದೆ. ತನ್ನ ಸಂಸಾರದ ಹನ್ನೊಂದು ವರ್ಷ ರೂಪ ಹಾಗೇ ಓಡಿಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಲಾವಣ್ಯಳ ಕಾಲು ಇನ್ನೊಂದು ಥರ. ಪಾದವನ್ನು ಹೊರಕ್ಕೆ ತಿರುಗಿಸಿ, ಕಿರುಬೆರಳು ಪೆಡಲಿನಾಚೆ ಜೋತುಬೀಳುವಂತೆ ಇಟ್ಟು, ಹಿಮ್ಮಡಿ ಎತ್ತಿ ತುಳಿಯುತ್ತಿದ್ದಳು. "ನೆಟ್ಟಗಿಡೇ, ಕಾಲು ಜಾರತ್ತೆ" ಎಂದು ಇಪ್ಪತ್ತೊಂದು ದಿನ ಹೇಳಿದರೂ ತಿದ್ದಿಕೊಳ್ಳಲಿಲ್ಲ. ಒತ್ತುವುದನ್ನು ಮಾತ್ರ ಪೂರ್ತಿ ಒತ್ತುತ್ತಿದ್ದಳು. ಹೇಳಿದ್ದನ್ನು ಪೂರ್ತಿ ಮಾಡುವ ಹುಡುಗಿ. ಯಾರು ಹೇಳಿದರೂ.

"ಯಾರಪ್ಪನ ಮನೆ ಹಗ್ಗ ಅಂತ ದಾಟಿದ್ದೀಯಮ್ಮ?"

ಲಾವಣ್ಯಳ ಅತ್ತೆ ಅಕ್ಕಯ್ಯಮ್ಮ. ಎಪ್ಪತ್ತರ ಹತ್ತಿರ, ಮಂಡಿ ನೋವಿಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ರೂಪ ಕಾರಿನಿಂದ ಇಳಿದಳು.

"ತಪ್ಪಾಯ್ತಮ್ಮ. ಸುಮ್ನೆ ನೋಡ್ದೆ."

"ನೋಡೋಕೇನಿದೆ? ಕಲಿಸಿದವಳು ನೀನು, ಕೊಂದವಳು ಇವಳು. ಇಬ್ರೂ ಸೇರ್ಕೊಂಡು ಈಗ ಗಾಡಿ ಮೇಲೆ ತಪ್ಪು ಹಾಕ್ತೀರಾ?"

"ದೊಡ್ಡ ಮಗ ಬರ್ಲಿಲ್ವಾ ಅಮ್ಮ? ರಮೇಶ್‌ಬಾಬು? ಗೌರಿಬಿದನೂರಲ್ಲಲ್ವಾ ಇರೋದು?"

ಮುದುಕಿಯ ಕೈ ಗೋಡೆಯ ಮೇಲೆ ಒಂದು ಗಳಿಗೆ ನಿಂತಿತು. "ಫ್ಯಾಕ್ಟರಿ ಕೆಲಸದ ಮೇಲೆ ಉತ್ತರದ ಕಡೆ ಹೋಗವ್ನೆ. ಫೋನು ಸಿಗ್ತಿಲ್ಲ."

"ತಮ್ಮನ ಮಣ್ಣಿಗೂ ಬರ್ಲಿಲ್ಲ ಅಂದ್ರೆ..."

"ಮೆಲ್ಲಗೆ ಮಾತಾಡಮ್ಮ. ಅವತ್ತಿಂದ ಹುಳಕ್ಕೆ ಜ್ವರ."

ಹುಳು ಪೊರೆ ಬಿಡುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ ಎಂಬುದು ರೂಪಳಿಗೆ ಗೊತ್ತಿತ್ತು. ಆಗ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಕಲ್ಲಿನಂತೆ ಕೂತಿರುತ್ತದೆ. ತಿನ್ನುವಾಗ ಗೋಡೆಯಾಚೆಗೂ ಕೇಳುವ ಸರಸರ ಸದ್ದು ಆಗ ಪೂರಾ ನಿಂತುಹೋಗುತ್ತದೆ. ಹುಳುಮನೆಯ ಕಿಟಕಿಗಳಿಗೆ ನೊಣ ಹೋಗದಂತೆ ಹಸಿರು ಬಲೆ ಬಿಗಿದಿತ್ತು. ಬಾಗಿಲಿನ ಮುಂದೆ, ಒಳಗೆ ಹೋಗುವವರು ತುಳಿದು ಹೋಗಲೆಂದು ಒಂದು ತಟ್ಟೆಯ ತುಂಬ ಸುಣ್ಣದ ಪುಡಿ. ಒಳಗೆ ಸಾವಿರಾರು ಜೀವಗಳಿದ್ದ ಮನೆಯಿಂದ ಒಂದು ಸದ್ದೂ ಬರುತ್ತಿರಲಿಲ್ಲ.

"ಒಳಕ್ಕೆ ನನ್ನ ಬಿಟ್ಟು ಯಾರೂ ಹೋಗೋಂಗಿಲ್ಲ. ಸೂತಕದ ಮನೆ. ಇವಳಂತೂ ಅತ್ಲಾಗೆ ಕಾಲೂ ಹಾಕಂಗಿಲ್ಲ" ಎಂದಳು ಅಕ್ಕಯ್ಯಮ್ಮ.

ರೂಪ ನಡುಮನೆ ದಾಟಿ ಹೊರಟಳು. ಗೋಡೆಯಲ್ಲಿ ಮೋಹನ್‌ಬಾಬುವಿನ ಹಾರ ಹಾಕಿದ ಫೋಟೋ ಇತ್ತು. ತುಂಬು ಮುಖ, ಎಡಹುಬ್ಬಿನ ನಡುವೆ ಹಳೆಯ ಗಾಯದ ಗೀಟು. ಹುಬ್ಬು ಎರಡು ತುಂಡಾದಂತೆ ಕಾಣುತ್ತಿತ್ತು.

ಗೇಟಿನ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಸಬ್ ಇನ್‌ಸ್ಪೆಕ್ಟರ್ ತನುಜಳಿಗೆ ಫೋನ್ ಮಾಡಿದಳು.

"ಕ್ಲಚ್ ಹೋಗಿದೆ ಮೇಡಂ. ಪೆಡಲ್ ತಳದಲ್ಲೇ ಕೂತಿದೆ."

"ಹಗ್ಗ ದಾಟಿದ್ರಾ?"

"ಒಳಗೆ ಕೂತು ತುಳಿದು ನೋಡ್ದೆ."

"ಫೋಟೋ, ವಿಡಿಯೋ?"

ತೆಗೆದಿರಲಿಲ್ಲ. ಕಾಲಿಗೆ ತಿಳಿದದ್ದನ್ನು ಫೋನಿಗೂ ತಿಳಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ನೋಡಿ, ಮೂರು ಗಂಟೆಗೆ ಮೋಟಾರ್ ಇನ್‌ಸ್ಪೆಕ್ಟರ್ನ ಕರ್ಕೊಂಡು ಬರ್ತೀನಿ. ಅವರ ಮುಂದೆ ಪೆಡಲ್ ಕೆಳಗಿದ್ರೆ ಕೇಸಿನ ದಾರೀನೇ ಬೇರೆ. ಗಾಡಿ ಸರಿಯಾಗಿದ್ರೆ ಹುಡುಗಿ ಇವತ್ತೇ ನನ್ನ ಜೀಪ್ ಹತ್ತಬೇಕು. ಅಲ್ಲೀವರ್ಗೂ ಯಾರೂ ಮುಟ್ಟಬಾರ್ದು. ನೀವೂ ಸೇರಿ."

ಆಗ ಹತ್ತೂವರೆ. ರೂಪ ತನ್ನ ಕಾರನ್ನು ಶಿಡ್ಲಘಟ್ಟದ ಕಡೆ ತಿರುಗಿಸಿದಳು.

ಗ್ಯಾರೇಜಿಗೆ ಬೀಗ ಹಾಕಿತ್ತು. ಒಂದು ಗಂಟೆಯ ಮೇಲೆ ಅವಳು ಮತ್ತೆ ಹೋದಾಗ ಮೆಕ್ಯಾನಿಕ್ ವೇಣು ಜೀಪೊಂದರ ಅಡಿಯಿಂದ ಬೆನ್ನ ಮೇಲೆ ಜಾರಿ ಹೊರಬಂದ.

"ಬನ್ನಿ ಮೇಡಂ! ನಿಮ್ಮ ಸ್ಟೂಡೆಂಟ್ಸ್ ಹಾಫ್ ಕ್ಲಚ್ಚಲ್ಲೇ ನಮ್ಮನೆ ಒಲೆ ಉರೀತಿರೋದು. ಇನ್ನೊಂದ್ ಬ್ಯಾಚ್ ಬೇಗ ಬಿಡಿ."

"ತಮಾಷೆ ಆಮೇಲೆ ಕಣಪ್ಪ. ಜಂಗಮಕೋಟೆ ಮೋಹನ್‌ಬಾಬು ಗಾಡಿ ನಿನ್ನ ಕೈದಲ್ವಾ?"

ವೇಣುವಿನ ನಗು ಇಳಿಯಿತು. "ಹೋದ ತಿಂಗಳು ಕ್ಲಚ್ ಪ್ಲೇಟ್ ಹೊಸದು ಹಾಕಿ ಕೊಟ್ಟಿದ್ದೆ. ಎಣ್ಣೆಯೂ ಹೊಸದು."

"ಇವತ್ತು ಪೆಡಲ್ ತಳಕ್ಕೆ ಹೋಗತ್ತೆ. ವಾಪಸ್ ಬರಲ್ಲ."

"ಹಂಗಾದ್ರೆ ಎಣ್ಣೆ ಹೋಗಿದೆ. ನೋಡಿ, ನೀವು ಪೆಡಲ್ ಒತ್ತಿದಾಗ ಪೈಪಲ್ಲಿರೋ ಬ್ರೇಕ್ ಎಣ್ಣೆ ಹೋಗಿ ಗೇರ್‌ಬಾಕ್ಸ್ ಹತ್ರ ಕ್ಲಚ್ಚನ್ನ ತಳ್ಳತ್ತೆ. ಎಣ್ಣೆ ಬದ್ಲು ಗಾಳಿ ಇದ್ರೆ ಏನ್ ತಳ್ಳತ್ತೆ? ನೀವು ತುಳೀತಾ ಇರ್ತೀರಿ, ಕ್ಲಚ್ ಬಿಡ್ತಾನೇ ಇರಲ್ಲ."

"ತಾನಾಗೇ ಹೋಗತ್ತಾ?"

"ಹೋದ್ರೆ ದಿನಾ ಒಂದೊಂದ್ ತೊಟ್ಟು. ಒಂದೇ ರಾತ್ರೀಲಿ ಪೂರಾ ಹೋಗಿದ್ರೆ ಯಾರೋ ಕೆಳಗೆ ಮಲಗಿ ಪೈಪಿನ ತುದೀಲಿರೋ ನಿಪ್ಪಲ್ ಲೂಸ್ ಮಾಡವ್ರೆ. ಒಂದು ಸ್ಪ್ಯಾನರ್ ಸಾಕು, ಒಬ್ಬ ಸಾಕು." ಕೈ ಒರೆಸಿಕೊಳ್ಳುತ್ತ ಸೇರಿಸಿದ: "ಕೆಡಿಸೋಕೆ ಒಬ್ಬ. ಸರಿ ಮಾಡೋಕೆ ಇಬ್ರು ಬೇಕು. ಎಣ್ಣೆ ಹಾಕಿ ಒಬ್ರು ಮೇಲೆ ಕೂತು ಪೆಡಲ್ ತುಳೀತಾ ಇರ್ಬೇಕು, ಇನ್ನೊಬ್ರು ಕೆಳಗೆ ಮಲಗಿ ಗಾಳಿ ಬಿಡ್ತಾ ಇರ್ಬೇಕು."

"ಆ ಮನೇಲಿ ಈ ಕೆಲಸ ಯಾರಿಗೆ ಬರತ್ತೆ?"

"ಮೋಹನನಿಗೆ ಬರ್ತಿತ್ತು. ಸಾಲ ಕೊಟ್ಟೋರ ಕಣ್ಣು ತಪ್ಪಿಸ್ಕೊಂಡು ಇಲ್ಲೇ ಕೂತು ನೋಡಿ ಕಲಿತಿದ್ದ. ಅಣ್ಣ ರಮೇಶನಿಗೆ ಸ್ಟೆಪ್ನಿ ಬದಲಾಯ್ಸೋಕೂ ಬರಲ್ಲ." ವೇಣು ಲೊಚಗುಟ್ಟಿದ. "ಇಬ್ರೂ ಒಂದೇ ಅಚ್ಚು ಮೇಡಂ. ಮೋಹನನ ಹುಬ್ಬಲ್ಲಿ ಆ ಗೀಟು ಇಲ್ದಿದ್ರೆ ಹೆತ್ತ ತಾಯೀನೇ ಮೋಸ ಹೋಗ್ಬೇಕು."

ರೂಪ ಹೊರಡಲು ಎದ್ದಳು. ಏನೋ ನೆನಪಾಗಿ ಕೇಳಿದಳು: "ಹುಳಕ್ಕೆ ಜ್ವರ ಎಷ್ಟ್ ದಿನ ಇರತ್ತೆ ವೇಣು? ನಿಮ್ಮನೇಲೂ ಸಾಕ್ತೀರಲ್ಲ."

"ನಾಲ್ಕನೇ ಜ್ವರಾನೇ ದೊಡ್ಡದು. ಅದೂ ಒಂದೂವರೆ ದಿನ. ಯಾಕೆ?"

"ಆರು ದಿನ ಇದ್ರೆ?"

ವೇಣು ಅವಳನ್ನು ವಿಚಿತ್ರವಾಗಿ ನೋಡಿದ. "ಆರು ದಿನ ಸದ್ದಿಲ್ಲ ಅಂದ್ರೆ ಒಳಗಿರೋದು ಹುಳ ಅಲ್ಲ ಮೇಡಂ."

ವಾಪಸ್ಸು ಬರುವ ದಾರಿಯಲ್ಲಿ ರೂಪಳ ಎಡಗಾಲು ಎರಡು ಸಲ ಕ್ಲಚ್ ತಪ್ಪಿತು. ಹತ್ತೊಂಬತ್ತು ವರ್ಷದಲ್ಲಿ ಆಗದ್ದು. ವಿಜಯಪುರದ ಕಡೆಯಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಟೆಂಪೋಗಳು ಎದುರಾದವು. ಯಾರದೋ ಮನೆಯ ಹುಳುಗಳು ತಿನ್ನಲು ಕಾಯುತ್ತಿದ್ದವು. ಬೆಳಿಗ್ಗೆ ಆ ಮನೆಯಲ್ಲಿ ಸೊಪ್ಪಿನ ಒಂದು ಎಲೆಯೂ ಕಂಡಿರಲಿಲ್ಲ ಎಂಬುದು ಈಗ ಅರಿವಾಯಿತು.

ಎರಡೂ ಇಪ್ಪತ್ತಕ್ಕೆ ಅವಳು ಜಂಗಮಕೋಟೆ ತಲುಪಿದಳು. ಬೀದಿ ಊಟದ ನಂತರದ ಮೌನದಲ್ಲಿತ್ತು. ಗೇಟು ತೆರೆದೇ ಇತ್ತು. ಕರೆದರೆ ಯಾರೂ ಓಗೊಡಲಿಲ್ಲ. ಚಪ್ಪಲಿ ಬಿಟ್ಟು ಶೆಡ್ಡಿಗೆ ಹೋದಳು.

ಹಗ್ಗ ಬೆಳಿಗ್ಗೆ ಇದ್ದಂತೆಯೇ ಇತ್ತು. ಗಂಟು ಮಾತ್ರ ಬೇರೆ ಕೈಯದು.

ಒಳಗೆ ಹೊಸ ವಾಸನೆ. ಸಿಹಿಯೆನ್ನಬಹುದಾದ, ಗಂಟಲಿಗೆ ಹಿಡಿಯುವ ಬ್ರೇಕ್ ಎಣ್ಣೆಯ ವಾಸನೆ. ಕಾರಿನ ಅಡಿಯಲ್ಲಿ ಗೋಣಿಚೀಲವೊಂದು ಹಾಸಿತ್ತು. ಅದರ ಮೇಲೆ ಆಗತಾನೆ ಮಲಗೆದ್ದ ಅಗಲ ಬೆನ್ನಿನ ತಗ್ಗು ಇನ್ನೂ ಅಳಿಸಿರಲಿಲ್ಲ.

ರೂಪ ಬಾಗಿಲು ತೆರೆದು, ಒಳಗೆ ಕೂರದೆ, ಬಗ್ಗಿ ಕೈಯಿಂದಲೇ ಪೆಡಲಿನ ಅಂಚನ್ನು ಒತ್ತಿದಳು.

ಪೆಡಲ್ ಎದುರೊತ್ತಿತು. ಕೈ ತೆಗೆದೊಡನೆ ಮೇಲೆ ಬಂದು ನಿಂತಿತು. ಬೆಳಿಗ್ಗೆ ಹೆಣದಂತಿದ್ದದ್ದು ಈಗ ಉಸಿರಾಡುತ್ತಿತ್ತು.

ಲಾವಣ್ಯಳನ್ನು ಉಳಿಸಬಹುದಾಗಿದ್ದ ಒಂದೇ ಒಂದು ಸಾಕ್ಷಿ ಹೋಗಿತ್ತು. ಇನ್ನು ನಲವತ್ತು ನಿಮಿಷಕ್ಕೆ ಇನ್‌ಸ್ಪೆಕ್ಟರು ಬಂದು ಗಾಡಿ ಸರಿಯಿದೆ ಎಂದು ಬರೆಯುತ್ತಾರೆ.

ಆಗ ಅವಳಿಗೆ ಅದು ಕಂಡಿತು. ಪೆಡಲಿನ ಕಪ್ಪು ರಬ್ಬರಿನ ಮೇಲೆ ಬಿಳಿ.

ಸುಣ್ಣ. ಬರಿಗಾಲಿನ ಮುಂಭಾಗದ ಗುರುತು. ಹೊರಕ್ಕೆ ತಿರುಗಿದ ಪಾದ. ನಾಲ್ಕೇ ಬೆರಳು, ಐದನೆಯದು ಪೆಡಲಿನಾಚೆ ಜೋತುಬಿದ್ದಿರಬೇಕು. ಕೆಳಗಿನ ಮ್ಯಾಟಿನ ಮೇಲೆ ಹಿಮ್ಮಡಿಯ ಗುರುತೇ ಇಲ್ಲ.

ಇಪ್ಪತ್ತೊಂದು ದಿನ ತಿದ್ದಿದ ಕಾಲು. ಸಾವಿರ ಕಾಲುಗಳ ನಡುವೆಯೂ ರೂಪ ಅದನ್ನು ಗುರುತಿಸಬಲ್ಲಳು.

"ಮೇಡಂ."

ಲಾವಣ್ಯ ಹಿಂದೆ ನಿಂತಿದ್ದಳು. ಸೀರೆಯ ಅಂಚಿನ ಕೆಳಗೆ ಎರಡು ಪಾದಗಳೂ ಬೆಳ್ಳಗಿದ್ದವು. ಹುಳುಮನೆಯತ್ತ ಕಾಲು ಹಾಕಬಾರದಿದ್ದವಳು.

"ಯಾಕೆ ಮಾಡ್ದೆ?" ರೂಪಳ ದನಿ ಅವಳಿಗೇ ಕೇಳಿಸದಷ್ಟು ಇಳಿದಿತ್ತು. "ನಿನ್ನ ಪ್ರಾಣ ಇದರಲ್ಲಿತ್ತು ಕಣೇ. ನೀನೇ ತುಳಿದು ಸರಿ ಮಾಡಿದ್ಯಾ?"

"ತುಳಿ ಅಂದ್ರು. ತುಳಿದೆ."

"ಯಾರು?"

ಲಾವಣ್ಯ ಸುಣ್ಣದ ಪಾದಗಳನ್ನು ಸೀರೆಯ ಅಂಚಿನೊಳಕ್ಕೆ ಎಳೆದುಕೊಂಡಳು.

"ಇದು ಇಬ್ರ ಕೆಲ್ಸ. ಮೇಲೆ ನೀನು. ಕೆಳಗೆ ಯಾರು? ನಿಮ್ಮತ್ತೆಗೆ ಬಗ್ಗೋಕೂ ಆಗಲ್ಲ."

"ಜೋರಾಗಿ ಮಾತಾಡ್ಬೇಡಿ."

"ಹುಳಕ್ಕೆ ಜ್ವರಾನಾ? ಹುಳ ಎಲ್ಲಿದೆ ಲಾವಣ್ಯ? ಆರು ದಿನ ಜ್ವರ ಇರಲ್ಲ. ನಿಮ್ಮನೇಲಿ ಒಂದು ಎಲೆ ಸೊಪ್ಪೂ ಇಲ್ಲ."

ಲಾವಣ್ಯಳ ಮುಖ ಮೊದಲ ಸಲ ಕದಡಿತು. "ನಂಗೂ ಹಂಗೇ ಅನ್ನಿಸ್ತು ಮೇಡಂ. ನಿನ್ನೆ ಅತ್ತೆ ಒಳಗೆ ತಟ್ಟೆ ತಗೊಂಡು ಹೋಗೋದು ನೋಡ್ದೆ. ಮುದ್ದೆ, ಸಾರು. ಹುಳ ಮುದ್ದೆ ತಿನ್ನತ್ತಾ?" ಅವಳು ನಗಲು ಹೋದಳು, ನಗು ಬೇರೇನೋ ಆಗಿ ಬಂತು. "ಹಿಂದೇನೇ ಹೋದೆ. ಹೋಗಬಾರ್ದಿತ್ತು."

ಬೀದಿಯ ತುದಿಯಲ್ಲಿ ಜೀಪಿನ ಸದ್ದು. ತನುಜ ಹೇಳಿದ್ದಕ್ಕಿಂತ ಮೊದಲೇ ಬಂದಿದ್ದಳು.

ಲಾವಣ್ಯ ರೂಪಳ ಸೆರಗಿನ ತುದಿಯನ್ನು ಹಿಡಿದು ಅವಳ ಕೈಗೇ ತುರುಕಿದಳು. "ಒರೆಸ್ಬಿಡಿ ಮೇಡಂ. ದಮ್ಮಯ್ಯ. ಈ ಗುರುತು ನೋಡಿದ್ರೆ ಅವ್ರು ಒಳಗೆ ಹುಡುಕ್ತಾರೆ."

"ಹುಡುಕ್ಲಿ!"

"ಹುಡುಕಿದ್ರೆ ಅತ್ತೆ ಸತ್ತೋಗ್ತಾರೆ. ಒಬ್ಬ ಮಗನ್ನ ಇನ್ನೊಬ್ಬನ ಹೆಸರಲ್ಲಿ ಮಣ್ಣು ಮಾಡಿ ಬಂದಿರೋ ಜೀವ ಅದು."

ರೂಪಳ ಒಂದು ಕೈಯಲ್ಲಿ ಸೆರಗು ಇತ್ತು, ಇನ್ನೊಂದರಲ್ಲಿ ಫೋನು. ಬೆಳಿಗ್ಗೆ ತೆಗೆಯದ ಫೋಟೋವನ್ನು ಈಗ ತೆಗೆಯಬಹುದಿತ್ತು. ತೆಗೆದರೆ ಆ ಗುರುತು ಲಾವಣ್ಯಳದೇ. ಸಾಕ್ಷಿ ನಾಶ ಮಾಡಿದವಳು ಇವಳೇ ಎಂದಾಗುತ್ತದೆ. ಒರೆಸಿದರೆ ಗಾಡಿ ಸರಿಯಿದೆ, ಕೊಂದವಳು ಇವಳೇ ಎಂದಾಗುತ್ತದೆ. ಎರಡು ದಾರಿಗಳೂ ಅದೇ ಜೀಪಿಗೆ ಹೋಗುತ್ತಿದ್ದವು.

"ಅವತ್ತು 'ಸ್ಟಾರ್ಟ್ ಮಾಡು' ಅನ್ನೋ ಮಾತು ಎಲ್ಲಿಂದ ಬಂತು? ಎದುರಿಂದಾನಾ, ಪಕ್ಕದಿಂದಾನಾ? ಯೋಚನೆ ಮಾಡಿ ಹೇಳು."

ಲಾವಣ್ಯ ಯೋಚನೆ ಮಾಡಲಿಲ್ಲ. ಆರು ದಿನದಿಂದ ಅದನ್ನೇ ಮಾಡಿದ್ದಳು.

"ದನಿ ಅವ್ರದೇ ಮೇಡಂ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಎದುರಿಂದ ಬರ್ಲಿಲ್ಲ. ಆ ಹುಳುಮನೆ ಕಿಟಕಿಯಿಂದ ಬಂತು."

ಗೇಟಿನ ಬಳಿ ಜೀಪು ನಿಂತಿತು. "ಯಾರ್ರೀ ಅದು ಗಾಡಿ ಹತ್ರ? ಹೊರಗೆ ಬನ್ನಿ!" ತನುಜಳ ದನಿ.

ರೂಪ ಶೆಡ್ಡಿನ ಬಾಗಿಲಾಚೆ, ಮುಂದಕ್ಕೆ ಚಾಚಿದ್ದ ಹುಳುಮನೆಯ ಕಿಟಕಿಯತ್ತ ನೋಡಿದಳು. ಹಸಿರು ಬಲೆಯ ಹಿಂದೆ ಒಂದು ಮುಖ, ಬಲೆಗೆ ಒತ್ತಿಕೊಂಡು ನಿಂತಿತ್ತು. ತುಂಬು ಮುಖ. ಎಡಹುಬ್ಬು ಎರಡು ತುಂಡು. ಬೆಳಿಗ್ಗೆಯಷ್ಟೇ ಅವಳು ಅದನ್ನು ಹಾರದೊಳಗೆ ನೋಡಿದ್ದಳು.

ಅವನು ರೂಪಳನ್ನು ನೋಡುತ್ತಿರಲಿಲ್ಲ. ಬರುತ್ತಿದ್ದ ಪೊಲೀಸರನ್ನೂ ನೋಡುತ್ತಿರಲಿಲ್ಲ. ಹೆಂಡತಿಯನ್ನೇ ನೋಡುತ್ತ, ಕೀ ತಿರುಗಿಸುವವನ ಹಾಗೆ ಬೆರಳುಗಳನ್ನು ಮೆಲ್ಲನೆ ತಿರುಗಿಸಿ ತೋರಿಸಿದ.

ಲಾವಣ್ಯ ರೂಪಳ ಕೈ ಬಿಟ್ಟಳು. ಹೊರಕ್ಕೆ ಓಡಲಿಲ್ಲ. ಸುಣ್ಣದ ಕಾಲಿನಲ್ಲೇ ಕಾರಿನೊಳಕ್ಕೆ ಹತ್ತಿ ಕೂತಳು. ಗೇರು ಇನ್ನೂ ಒಂದರಲ್ಲೇ ಇತ್ತು. ಪೊಲೀಸರು ಒಯ್ದಿದ್ದ ಕೀಯ ಜೊತೆಯದು, ಮನೆಯಲ್ಲೇ ಉಳಿದಿದ್ದ ಎರಡನೆಯ ಕೀ, ಅವಳ ಮುಷ್ಟಿಯಲ್ಲಿತ್ತು.

"ಪಕ್ಕಕ್ಕೆ ಹೋಗಿ ಮೇಡಂ" ಎಂದಳು.

ರೂಪ ನಿಂತಿದ್ದದ್ದು ಬಾಗಿಲ ಪಕ್ಕದಲ್ಲಿ. ಎದುರಿಗೆ, ಗೋಡೆಗೂ ಬಾನೆಟ್ಟಿಗೂ ನಡುವೆ, ಎಣ್ಣೆಯ ಡಬ್ಬಿಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ನೋವಿನ ಮಂಡಿ ಮಡಚಲಾಗದೆ ಕಾಲು ಚಾಚಿ, ಗೋಡೆಗೊರಗಿ ಅಡಗಿ ಕೂತಿದ್ದ ಅಕ್ಕಯ್ಯಮ್ಮನನ್ನು ಅವಳು ಆಗಷ್ಟೇ ಕಂಡಳು.